ಮಲಪ್ರಭೆಯ ಸೀಮೆಯ ಉಣ್ಣೆ

ಹೊಸ್ತಿಲ ಹುಣ್ಣಿಮೆ ಸಮೀಪಿಸಿತೆಂದರೆ ಸವದತ್ತಿಯ ಎಲ್ಲಮ್ಮನ ಗುಡ್ಡದ ದಾರಿಗಳು ಜನರಿಂದ ತುಂಬುತ್ತವೆ. ಅದೇ ಹೊತ್ತಿಗೆ ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ಪೇಟೆಗಳಲ್ಲಿ ಚಳಿಗಾಲದ ಬಟ್ಟೆಗಳ ಮಾರಾಟವೂ ಆರಂಭವಾಗುತ್ತದೆ. ಹಗ್ಗಕ್ಕೆ ನೇತುಹಾಕಿದ ಬಣ್ಣಬಣ್ಣದ ಜಾಕೀಟುಗಳ ಮುಂದೆ ನಿಂತ ಗೃಹಸ್ಥನು ಅಂಗಡಿಕಾರನಿಗೆ ಎರಡು ಪ್ರಶ್ನೆ ಹಾಕದೆ ಬಿಡುವದಿಲ್ಲ: ಇದು ಎಷ್ಟು ದಿನ ಬಾಳೀತು? ಕೊಟ್ಟ ದುಡ್ಡಿಗೆ ತಕ್ಕ ಮಾಲು ಹೌದೆ? ಅಂಗಡಿಕಾರನು ಎರಡಕ್ಕೂ ಹೌದೆಂದೇ ಹೇಳುತ್ತಾನೆ. ಆದರೆ ಈ ಪ್ರಶ್ನೆಗಳಿಗೆ ಈ ಸೀಮೆಯಲ್ಲಿ ಬಲು ಹಳೆಯ ಉತ್ತರವೊಂದಿದೆ. ಅದು ಕರಿಯ ಕಂಬಳಿ. ವಾಚಕರು ಈ ವರ್ಷದ ಬೆಚ್ಚನೆಯ ಬಟ್ಟೆಗೆ ಹಣ ತೆಗೆಯುವ ಮೊದಲು ಆ ಉತ್ತರದ ಇತಿಹಾಸವನ್ನು ಸ್ವಲ್ಪ ಕೇಳುವದು ಲಾಭದ ಮಾತೇ ಆದೀತು.

ಮೊದಲು ಈ ನೆಲದ ಸ್ವರೂಪವನ್ನು ನೋಡೋಣ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಪೂರ್ವಕ್ಕೆ ಹರಿದು, ಸಂಗೊಳ್ಳಿಯನ್ನು ದಾಟಿ, ಸವದತ್ತಿಯ ಬಳಿಯ ನವಿಲುತೀರ್ಥದ ಕಣಿವೆಯನ್ನು ಸೀಳಿ, ರಾಮದುರ್ಗದ ಮಗ್ಗುಲಲ್ಲಿ ಹಾದು ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ನದಿಯೊಡನೆ ಪೂರ್ವಕ್ಕೆ ನಡೆದಂತೆ ಮಳೆ ಕಡಿಮೆಯಾಗುತ್ತ ಹೋಗುತ್ತದೆ. ಕಿತ್ತೂರು ಮಲೆನಾಡಿನ ಸೆರಗು. ಬೈಲಹೊಂಗಲವು ಹತ್ತಿ-ಜೋಳದ ಎರೆಯ ನಾಡು. ಸವದತ್ತಿ, ರಾಮದುರ್ಗಗಳಲ್ಲಿ ಕಲ್ಲುಗುಡ್ಡ, ಕುರುಚಲು ಕಾವಲು, ಬಿರುಗಾಳಿ. ಒಬ್ಬ ಕುರಿಗಾರನು ಹಿಂಡು ಹೊಡೆದುಕೊಂಡು ಈ ನಾಲ್ಕು ಊರುಗಳ ನಡುವೆ ಅಡ್ಡಾಡಿದನೆಂದರೆ, ಒಂದೇ ವರುಷದಲ್ಲಿ ಜಿಟಿಜಿಟಿ ಮಳೆ, ಮೈ ಕೊರೆಯುವ ಥಂಡಿಗಾಳಿ, ತಲೆ ಸುಡುವ ಬಿಸಿಲು ಮೂರನ್ನೂ ಅವನು ಬಯಲಿನಲ್ಲಿಯೇ ತಾಳಿಕೊಳ್ಳಬೇಕು. ಮೂರಕ್ಕೂ ಒಂದೇ ಹೊದಿಕೆ ಆಗಿಬರಬೇಕು. ಏಕೆಂದರೆ ಹೆಗಲ ಮೇಲೆ ಹೊರಬಹುದಾದದ್ದು ಒಂದೇ. ಈ ಅವಶ್ಯಕತೆಯ ಒಡಲಿನಿಂದಲೇ ಕಂಬಳಿಯು ಹುಟ್ಟಿ ಬಂದಿತು.

ಹೆಸರೂ ಹಳೆಯದೇ. ಕಂಬಲ ಎಂಬ ಶಬ್ದವು ಅಥರ್ವವೇದದಲ್ಲಿ ಬರುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಉಣ್ಣೆಯ ಬಟ್ಟೆಗಳ ವಿಚಾರವು ಎಲ್ಲಿ ಬಂದಿದೆಯೆಂಬುದು ಗಮನಿಸತಕ್ಕ ಸಂಗತಿ. ಮುತ್ತು, ಮಾಣಿಕ್ಯ, ವಜ್ರ, ಶ್ರೀಗಂಧಗಳನ್ನು ಪರೀಕ್ಷಿಸಿ ಭಂಡಾರಕ್ಕೆ ತೆಗೆದುಕೊಳ್ಳುವ ಬಗೆಯನ್ನು ಹೇಳುವ ಪ್ರಕರಣದಲ್ಲಿಯೇ ಕುರಿಯ ಉಣ್ಣೆಯ ಕಂಬಳಿಗಳಿಗೂ ಸ್ಥಾನ ದೊರೆತಿದೆ. ಬಣ್ಣದಿಂದ ಯಾವ ಬಗೆ, ನೇಯ್ಗೆಯಿಂದ ಯಾವ ಬಗೆ, ಕುದುರೆಯ ಬೆನ್ನಿಗೆ ಯಾವದು, ಮಳೆಯನ್ನು ತಡೆಯುವದು ಯಾವದು ಎಂದೆಲ್ಲ ಅಲ್ಲಿ ವಿಂಗಡಿಸಿದೆ. ಎಳೆ ಸಣ್ಣದಾಗಿ, ಮೆತ್ತಗಾಗಿ, ಮುಟ್ಟಿದರೆ ಹಸಿಯಾಗಿದೆಯೋ ಎನ್ನಿಸುವಷ್ಟು ನುಣುಪಾಗಿರುವದು ಶ್ರೇಷ್ಠವೆಂದು ಗ್ರಂಥಕಾರನ ಅಭಿಪ್ರಾಯ. ಈ ಗ್ರಂಥವನ್ನು ತಾಳೆಗರಿಯಿಂದ ಎತ್ತಿ 1909ರಲ್ಲಿ ಮೊದಲು ಅಚ್ಚಿಗೆ ತಂದವರು ಮೈಸೂರಿನ ಆರ್. ಶಾಮಶಾಸ್ತ್ರಿಗಳು. ಅಂದರೆ, ಬೆಚ್ಚನೆಯ ಬಟ್ಟೆಯನ್ನು ಕೈಯಿಂದ ಮುಟ್ಟಿ, ಪರೀಕ್ಷಿಸಿ ಕೊಳ್ಳಬೇಕೆಂಬ ವಿಚಾರವು ನಮ್ಮ ದೇಶದಲ್ಲಿ ಎರಡು ಸಾವಿರ ವರ್ಷದಷ್ಟು ಹಳೆಯದು.

ಆದರೆ ನಮ್ಮ ಕಡೆಯ ಕುರಿಯು ಕೌಟಿಲ್ಯನು ಮೆಚ್ಚುವ ಕುರಿಯಲ್ಲ. ಇದು ದಖ್ಖನ ತಳಿ. ಬಹುತೇಕ ಕಪ್ಪು ಬಣ್ಣ, ನಡುತರದ ಮೈಕಟ್ಟು, ಗಟ್ಟಿ ಕಾಲು. ಬರಗಾಲದ ಒಣ ಹುಲ್ಲನ್ನು ತಿಂದು, ದಿನಕ್ಕೆ ಹರದಾರಿಗಟ್ಟಲೆ ನಡೆದು ಬದುಕುವ ಪ್ರಾಣಿ. ಇದರ ಉಣ್ಣೆ ಒರಟು. ಸೂಟು-ಶಾಲುಗಳಿಗೆ ಹೆಸರಾದ ಮೆರಿನೊ ಕುರಿಯ ಎಳೆಯು ಸಾಮಾನ್ಯವಾಗಿ 24 ಮೈಕ್ರಾನಿಗಿಂತ ಸಣ್ಣದು. ದಖ್ಖನ ಕುರಿಯ ಎಳೆಯು ಅದಕ್ಕೆ ಎರಡರಷ್ಟು ದಪ್ಪವಾಗಿರುವದುಂಟು. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಮೇಲಾಗಿ ನಮ್ಮ ಕುರಿಯ ಎಳೆಗಳಲ್ಲಿ ಅನೇಕವು ಒಳಗೆ ಟೊಳ್ಳು. ಆದ್ದರಿಂದ ಅದು ಮೈಗೆ ಚುಚ್ಚುತ್ತದೆ, ಆದ್ದರಿಂದಲೇ ಸವೆಯುವದಿಲ್ಲ. ಒಂದು ಕುರಿಯಿಂದ ವರ್ಷಕ್ಕೆ ಎರಡು ಸಲ ಕತ್ತರಿಸಿದರೂ ಒಟ್ಟಿಗೆ ಅರ್ಧ ಕಿಲೋಗ್ರಾಮಿನ ಆಚೀಚೆ ಉಣ್ಣೆ ದೊರೆಯುತ್ತದೆ. 3 ಕಿಲೋ ತೂಗುವ ಒಂದು ಕಂಬಳಿಯಾಗಬೇಕಾದರೆ ಆರೇಳು ಕುರಿಗಳ ಇಡೀ ವರುಷದ ಉಣ್ಣೆ ಬೇಕೆಂದು ತಾವೇ ಲೆಕ್ಕ ಹಾಕಬಹುದು.

ಈ ಉಣ್ಣೆಯ ಸುತ್ತ ಒಂದು ಸಮಾಜವೇ ಕಟ್ಟಿಕೊಂಡಿದೆ. ಹಾಲುಮತದ ಕುರುಬರಲ್ಲಿ ಉಣ್ಣೆಕಂಕಣದವರು, ಹತ್ತಿಕಂಕಣದವರು ಎಂದು ಎರಡು ಒಳಪಂಗಡಗಳಿವೆ. ಮದುವೆಯ ಕಾಲಕ್ಕೆ ಕೈಗೆ ಕಟ್ಟುವ ಕಂಕಣದ ದಾರವು ಉಣ್ಣೆಯದೋ ಹತ್ತಿಯದೋ ಎಂಬುದರ ಮೇಲೆ ಈ ಹೆಸರುಗಳು ನಿಂತಿವೆ. ಎರೆಯ ನೆಲದಲ್ಲಿ ಹತ್ತಿ, ಕಾವಲಿನಲ್ಲಿ ಕುರಿ. ಎರಡೂ ದಾರಗಳು ಒಂದೇ ನಾಡಿನಲ್ಲಿ ಹುಟ್ಟಿದವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಮೈಲಾರಲಿಂಗನ ಗೊರವರು ತೊಡುವ ಕರಿಯ ಕಂಬಳಿಯ ನಿಲುವಂಗಿಯನ್ನು ವಾಚಕರು ಜಾತ್ರೆಗಳಲ್ಲಿ ಕಂಡಿರಬಹುದು. ಉಣ್ಣೆಯ ಬಟ್ಟೆಯನ್ನು ಕತ್ತರಿಸಿ ಹೊಲಿದು ಅಂಗಿಯಾಗಿ ತೊಡುವ ಪದ್ಧತಿಯು ಪರದೇಶದಿಂದಲೇ ಬಂದಿತೆಂದು ತಿಳಿಯುವವರು ಗೊರವಯ್ಯನನ್ನು ಒಮ್ಮೆ ನೋಡಬೇಕು. ನಮ್ಮ ನಾಡಿನ ಉಣ್ಣೆಯ ಜಾಕೀಟು ಡಮರುಗ ನುಡಿಸುತ್ತ ಮನೆಯ ಬಾಗಿಲಿಗೇ ಬರುತ್ತಿತ್ತು! ಪೂಜೆಗೆ ಕುಳ್ಳಿರಿಸುವಾಗ, ಪಂಚರು ನ್ಯಾಯಕ್ಕೆ ಕೂಡುವಾಗ, ಕಂಬಳಿ ಹಾಸುವ ರೂಢಿಯೂ ಇಂದಿಗೂ ಇದೆ. ಗದ್ದಿಗೆಯೆನಿಸಿಕೊಂಡ ಬಟ್ಟೆ ಇದು.

ಇನ್ನು ಕಂಬಳಿಯನ್ನು ಮಾಡುವ ಬಗೆ. ಕುರಿಗಳನ್ನು ಹಳ್ಳದಲ್ಲಿ ಮೈ ತೊಳೆದು, ಒಣಗಿದ ಮೇಲೆ ಕತ್ತರಿಯಿಂದ ಉಣ್ಣೆ ತೆಗೆಯುತ್ತಾರೆ. ಮರಿಯ ಮೊದಲ ಕತ್ತರಿಯ ಉಣ್ಣೆಯು ಎಲ್ಲಕ್ಕೂ ಮೆತ್ತಗಿನದು. ಕುರಿ ಹಳತಾದಂತೆ ಎಳೆ ಒರಟಾಗುತ್ತ ಹೋಗುತ್ತದೆ. ಕಪ್ಪು, ಕಂದು, ಬಿಳಿ ಎಂದು ಬೇರ್ಪಡಿಸಿ, ಕಸ ಹೆಕ್ಕಿ, ಬಿಲ್ಲಿನ ತಂತಿಯಿಂದ ಮಿಡಿದು ಹಿಂಜುತ್ತಾರೆ. ಮನೆಯ ಹೆಣ್ಣುಮಕ್ಕಳು ಅದನ್ನು ರಾಟಿಯ ಮೇಲೆ ನೂಲುತ್ತಾರೆ. ಕಂಬಳಿಗೆ ಬೇಕಾದ ದುಡಿಮೆಯ ಬಹುಪಾಲು ಈ ನೂಲುವದರಲ್ಲಿಯೇ ಹೋಗುತ್ತದೆ. ಆದರೆ ಬೆಲೆ ಕಟ್ಟುವಾಗ ಅದನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ. ಬಳಿಕ ಹಾಸಿನ ನೂಲನ್ನು ಬಯಲಿನಲ್ಲಿ ಉದ್ದಕ್ಕೆ ಬಿಗಿದು, ಹುಣಸೆಬೀಜವನ್ನು ಅರೆದು ಕುದಿಸಿದ ಸರಿಯನ್ನು ಕುಂಚಿಗೆಯಿಂದ ಹಚ್ಚುತ್ತಾರೆ. ಒರಟು ಉಣ್ಣೆಯ ನೂಲಿನಿಂದ ಹೊರಚಾಚಿದ ಕೂದಲುಗಳು ಇದರಿಂದ ಒತ್ತಿಕೊಂಡು, ನೂಲಿಗೆ ಮಗ್ಗದ ಎಳೆತವನ್ನು ತಾಳುವ ಕಸುವು ಬರುತ್ತದೆ. ಆಮೇಲೆ ನೇಕಾರನು ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು, ಹೊಕ್ಕಿನ ಪ್ರತಿಯೊಂದು ಎಳೆಯನ್ನೂ ಮರದ ಹಲಗೆಯಿಂದ ಬಡಿದು ಕೂಡಿಸುತ್ತಾನೆ. ಕಂಬಳಿಯ ಆಯುಷ್ಯವೆಲ್ಲ ಈ ಬಡಿತದಲ್ಲಿದೆ. ಸಡಿಲಾಗಿ ಬಡಿದ ಕಂಬಳಿ ಬೇಗ ಜಾಳಾಗುತ್ತದೆ. ಗಟ್ಟಿಯಾಗಿ ಬಡಿದದ್ದು ಹತ್ತು ವರ್ಷವನ್ನೂ ಮೀರಿ ಬಾಳುತ್ತದೆ.

ಹಾಗೆ ಬಾಳುವಾಗ ಅದು ಮಾಡುವ ಕೆಲಸಗಳಾದರೂ ಎಷ್ಟು! ಹಾಸಿದರೆ ಹಾಸಿಗೆ, ಹೊದ್ದರೆ ಹೊದಿಕೆ. ತಲೆಯ ಮೇಲೆ ಕೊಪ್ಪೆ ಮಾಡಿಕೊಂಡರೆ ಮಳೆಗೆ ಗೊಪ್ಪಿಗೆ. ಎರಡು ಗಳುಗಳಿಗೆ ಕಟ್ಟಿದರೆ ಬಿಸಿಲಿಗೆ ನೆರಳು. ಆಗ ತಾನೆ ಹುಟ್ಟಿದ ಕುರಿಮರಿಯನ್ನು ಅದರ ಮಡಿಕೆಯಲ್ಲಿಟ್ಟುಕೊಂಡು ಕುರಿಗಾರನು ಮೂರು ಹರದಾರಿ ನಡೆಯುತ್ತಾನೆ. ಬುತ್ತಿಯನ್ನೂ ಅದರಲ್ಲಿಯೇ ಕಟ್ಟುತ್ತಾನೆ. ಕಂಬಳಿಯಲ್ಲಿ ಬುತ್ತಿ ಕಟ್ಟಿದವನು ಕೂದಲು ಬಂತೆಂದು ಗೊಣಗಬಾರದು ಎಂಬ ನಮ್ಮ ಗಾದೆಯು ಹುಟ್ಟಿದ್ದು ಹೀಗೆಯೇ. ಉಣ್ಣೆಯಲ್ಲಿ ಸಹಜವಾಗಿ ಜಿಡ್ಡಿನ ಅಂಶವಿರುವದರಿಂದ ಜಿನುಗು ಮಳೆಯು ಮೇಲಿನಿಂದಲೇ ಜಾರಿಹೋಗುತ್ತದೆ. ಗಾಳಿಯಲ್ಲಿಯ ತೇವವನ್ನು ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನವರೆಗೆ ಹೀರಿಕೊಂಡರೂ ಉಣ್ಣೆಯು ಮುಟ್ಟಿದರೆ ಒದ್ದೆಯೆನಿಸುವದಿಲ್ಲ. ಒಲೆಯ ಕಿಡಿ ಸಿಡಿದರೆ ಹೊಗೆಯಾಡಿ ಆರಿಹೋಗುತ್ತದೆಯೇ ಹೊರತು ಭಗ್ಗನೆ ಹೊತ್ತಿಕೊಳ್ಳುವದಿಲ್ಲ. ಬಯಲಿನಲ್ಲಿ ಬೆಂಕಿ ಹಾಕಿಕೊಂಡು ಮಲಗುವವನಿಗೆ ಇದು ಸಣ್ಣ ಗುಣವಲ್ಲ.

ಈ ಕಂಬಳಿಯ ಮನೆಗಳಿಂದಲೇ ಕಿತ್ತೂರಿನ ಇತಿಹಾಸದ ಒಬ್ಬ ವೀರನು ಬಂದನೆಂಬುದು ವಾಚಕರಿಗೆ ತಿಳಿದ ಸಂಗತಿ. 1824ರ ಅಕ್ಟೋಬರ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ ಥ್ಯಾಕರೆಯು ಮಡಿದನು. ಮುಂದೆ ಇಂಗ್ಲಿಷರ ದೊಡ್ಡ ದಂಡು ಬಂದು ಕೋಟೆ ಬಿದ್ದಿತು; ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿಯೇ 1829ರಲ್ಲಿ ಕಣ್ಣು ಮುಚ್ಚಿದಳು. ಆಕೆಯ ಸಮಾಧಿ ಅಲ್ಲಿಯೇ ಇದೆ. ಆ ಮೇಲೆ ಹೋರಾಟದ ಕಿಚ್ಚನ್ನು ಆರಗೊಡದೆ ಇಟ್ಟವನು ಸಂಗೊಳ್ಳಿ ರಾಯಣ್ಣ, ಕುರುಬ ಮನೆತನದ ಮಗ. ಬೀಡಿ, ನಂದಗಡ, ಖಾನಾಪುರ, ಸಂಪಗಾಂವಿಗಳ ಕಚೇರಿಗಳಿಗೆ ಅವನ ಹೆಸರು ನಿದ್ರೆಗೆಡಿಸಿತು. 1830ರಲ್ಲಿ ಅವನು ಸೆರೆ ಸಿಕ್ಕನು. 1831ರ ಜನೆವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೆ ಹಾಕಿದರು. ಇಂದು ಅವನ ಅನೇಕ ಚಿತ್ರಗಳಲ್ಲಿ ಹೆಗಲ ಮೇಲೆ ಕಂಬಳಿ ಇರುತ್ತದೆ. ಸಭೆ ಸಮಾರಂಭಗಳಲ್ಲಿ ದೊಡ್ಡವರಿಗೆ ಶಾಲಿನ ಬದಲು ಕಂಬಳಿ ಹೊದಿಸಿ ಸನ್ಮಾನಿಸುವ ಪದ್ಧತಿಯೂ ಬೆಳೆದಿದೆ. ಮಾನದ ಸಂಕೇತವಾಗಿ ಕಂಬಳಿ ಗೆದ್ದಿದೆ. ಬಳಕೆಯ ಬಟ್ಟೆಯಾಗಿ ಅದರ ಗತಿ ಏನಾಯಿತೆಂಬುದೇ ಮುಂದಿನ ಕಥೆ.

1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲಂಡಿನ ವೈದ್ಯನು ಕುರುಬರ ಕಂಬಳಿ ನೇಯ್ಗೆಯನ್ನು ತನ್ನ ಪ್ರವಾಸದ ಬರವಣಿಗೆಯಲ್ಲಿ ದಾಖಲಿಸಿದ್ದಾನೆ. 1884ರಲ್ಲಿ ಮುಂಬಯಿ ಸರಕಾರವು ಹೊರಡಿಸಿದ ಬೆಳಗಾವಿ ಜಿಲ್ಲೆಯ ಗ್ಯಾಝೆಟಿಯರಿನಲ್ಲಿಯೂ ಕುರಿ ಸಾಕುವ, ಕಂಬಳಿ ನೇಯುವ ಜನರ ವರ್ಣನೆ ಬಂದಿದೆ. ಆ ಶತಮಾನದಲ್ಲಿ ನಮ್ಮ ಹತ್ತಿಯ ಮಗ್ಗಗಳು ಅನುಭವಿಸಿದ ಕಷ್ಟವನ್ನು ಇತಿಹಾಸದ ಪ್ರತಿಯೊಂದು ಪುಸ್ತಕವೂ ಹೇಳುತ್ತದೆ. ವಿಲಾಯತಿಯ ನೂಲು, ಬಟ್ಟೆ ಬಂದವು. 1861-65ರ ಅಮೇರಿಕದ ಅಂತರ್ಯುದ್ಧದ ಕಾಲಕ್ಕೆ ಈ ಸೀಮೆಯ ಹತ್ತಿಗೆ ಹೊನ್ನಿನ ಬೆಲೆ ಬಂದು, ಹತ್ತಿಯು ಹಡಗು ಹತ್ತಿ ಹೋಯಿತು. 1887ರಲ್ಲಿ ಗೋಕಾಕದಲ್ಲಿಯೇ ಗಿರಣಿ ಎದ್ದಿತು. ಆದರೆ ಕಂಬಳಿಯ ಮಗ್ಗವು ಈ ಹೊಡೆತಕ್ಕೆ ಅಷ್ಟು ಬೇಗ ಬಗ್ಗಲಿಲ್ಲ. ಕಾನಪುರದಲ್ಲಿ 1876ರಲ್ಲಿ, ಪಂಜಾಬದ ಧಾರಿವಾಲದಲ್ಲಿ 1880ರಲ್ಲಿ, ಅದೇ ದಶಕದಲ್ಲಿ ಬೆಂಗಳೂರಿನಲ್ಲಿ ಉಣ್ಣೆಯ ಗಿರಣಿಗಳು ಹುಟ್ಟಿದ್ದು ನಿಜ. ಅವು ದಂಡಿನವರಿಗೆ, ಪಟ್ಟಣದವರಿಗೆ ರಗ್ಗು-ಬ್ಲ್ಯಾಂಕೆಟ್ಟುಗಳನ್ನು ಒದಗಿಸಿದವು. ಬಯಲಿನಲ್ಲಿ ನಿಂತು ಮಳೆಗೆ ಮೈಯೊಡ್ಡುವ ರೈತನಿಗೆ, ಕುರಿಗಾರನಿಗೆ ಒರಟು ಕಂಬಳಿಯೇ ಬೇಕಾಗಿತ್ತು. ಆ ಒರಟುತನವೇ ಅದಕ್ಕೆ ಕವಚವಾಯಿತು.

ಇದರ ಹಿಂದೆ ಇನ್ನೊಂದು ಲೆಕ್ಕವೂ ಇತ್ತು. ಹತ್ತಿ ಬಿಡಿಸಿದ ಮೇಲೆ, ಜೋಳ ಕೊಯ್ದ ಮೇಲೆ, ಕುರಿಗಾರನು ಹಿಂಡನ್ನು ಹೊಲಕ್ಕೆ ಬಿಡುತ್ತಾನೆ. ಕುರಿಗಳು ಉಳಿದ ಎಲೆ, ಕೂಳೆಗಳನ್ನು ಮೇಯುತ್ತವೆ. ರಾತ್ರಿ ಅಲ್ಲಿಯೇ ನಿಲ್ಲಿಸಿದರೆ ಹಿಕ್ಕೆ, ಗಂಜಳಗಳಿಂದ ನೆಲಕ್ಕೆ ಗೊಬ್ಬರ. ಹೊಲದವನು ಇದಕ್ಕೆ ಪ್ರತಿಯಾಗಿ ಕಾಳು ಅಥವಾ ಹಣ ಕೊಡುತ್ತಾನೆ. ಹೀಗೆ ಮಾಂಸ, ಗೊಬ್ಬರ, ಉಣ್ಣೆ ಈ ಮೂರು ಆದಾಯಗಳ ಮೇಲೆ ಕುರಿಗಾರನ ಸಂಸಾರ ನಿಂತಿತ್ತು. ಮೂರು ಕಾಲಿನ ಈ ಮಣೆಯಲ್ಲಿ ಒಂದು ಕಾಲು ಈಚಿನ ಐವತ್ತು ವರ್ಷಗಳಲ್ಲಿ ಮುರಿಯಿತು.

ಹೇಗೆಂದರೆ, 1970ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಕಾಲುವೆಗಳು ಹರಿದವು. ಬರದ ನೆಲಕ್ಕೆ ನೀರು ಬಂದದ್ದು ಪುಣ್ಯದ ಕೆಲಸವೇ. ಆದರೆ ವರ್ಷವಿಡೀ ಬೆಳೆ ನಿಂತ ಹೊಲದಲ್ಲಿ ಕುರಿಗೆ ಎಡೆಯಿಲ್ಲ. ಅತ್ತ ಮಾಂಸದ ಬೆಲೆ ಏರಿತು. ಎತ್ತರದ ನಿಲುವಿನ, ಬೇಗ ತೂಕ ಹಿಡಿಯುವ ಯಳಗ ಮೊದಲಾದ ತಳಿಗಳನ್ನು ಕುರಿಗಾರರು ಹಿಂಡಿಗೆ ಸೇರಿಸಿದರು. ಇವುಗಳ ಮೈಮೇಲೆ ಹೇಳಿಕೊಳ್ಳುವಂಥ ಉಣ್ಣೆ ಇಲ್ಲ. ಇತ್ತ ಪಾಣಿಪತದಲ್ಲಿ ಪರದೇಶದ ಹಳೆಯ ಉಣ್ಣೆಬಟ್ಟೆಗಳನ್ನು ಚಿಂದಿ ಮಾಡಿ, ಮರಳಿ ನೂತು, ಅಗ್ಗದ ಕಂಬಳಿಗಳನ್ನು ರಾಶಿರಾಶಿಯಾಗಿ ನೇಯಹತ್ತಿದರು. ಆಕ್ರಿಲಿಕ್ ಎಂಬ ಕೃತಕ ನೂಲು ಬಂದಿತು. ಪ್ಲಾಸ್ಟಿಕ್ ಹಾಳೆಯ ಕೊಪ್ಪೆ ಬಂದಿತು. ಕತ್ತರಿಸುವವನ ಕೂಲಿಗೂ ಉಣ್ಣೆಯ ಬೆಲೆ ಸಾಲದಂತಾಯಿತು. ಕುರಿಗೆ ಬೇಸಗೆಯಲ್ಲಿ ತೊಂದರೆಯಾಗಬಾರದೆಂದು ಉಣ್ಣೆಯನ್ನು ಕತ್ತರಿಸಲೇಬೇಕು; ಕತ್ತರಿಸಿದ್ದನ್ನು ಕೊಳ್ಳುವವರಿಲ್ಲದೆ ತಿಪ್ಪೆಗೆ ಎಸೆಯುವ ದಿನಗಳೂ ಬಂದವು. ಕೌಟಿಲ್ಯನು ರತ್ನಗಳ ಸಾಲಿನಲ್ಲಿ ಕೂಡಿಸಿದ ಪದಾರ್ಥಕ್ಕೆ ಇಂಥ ಗತಿ!

ಈಗ ಪೇಟೆಯ ಹಗ್ಗದ ಮೇಲೆ ತೂಗುವ ಜಾಕೀಟಿನ ಕಡೆಗೆ ತಿರುಗೋಣ. ಇದನ್ನು ಫ್ಲೀಸ್ ಎಂದು ಕರೆಯುತ್ತಾರೆ. ಕುರಿಯ ಮೈಯಿಂದ ಕತ್ತರಿಸಿದ ಇಡೀ ಉಣ್ಣೆಗೆ ಇಂಗ್ಲಿಷಿನಲ್ಲಿರುವ ಹೆಸರು ಅದು. ಆದರೆ ಈ ಜಾಕೀಟಿನಲ್ಲಿ ಕುರಿಯ ಕೂದಲು ಒಂದೂ ಇಲ್ಲ. ಇದು ಕಲ್ಲೆಣ್ಣೆಯಿಂದ ತಯಾರಾಗುವ ಪಾಲಿಯೆಸ್ಟರ್. ಅಮೇರಿಕದ ಮ್ಯಾಸಚೂಸೆಟ್ಸಿನ ಲಾರೆನ್ಸ್ ಪಟ್ಟಣದ ಮಾಲ್ಡನ್ ಮಿಲ್ಸ್ ಎಂಬ ಗಿರಣಿಯು 1979ರಲ್ಲಿ ಇದನ್ನು ಸಿದ್ಧಪಡಿಸಿತು. ಪಾಲಿಯೆಸ್ಟರ್ ನೂಲನ್ನು ಹೆಣೆದು, ತಂತಿಯ ಹಲ್ಲುಗಳ ಉರುಳೆಗಳಿಂದ ಕೆರೆದು, ಎದ್ದ ನವಿರನ್ನು ಸಮನಾಗಿ ಕತ್ತರಿಸಿದರೆ ಮೆತ್ತನೆಯ ಉಣ್ಣೆಯಂಥ ಬಟ್ಟೆಯಾಗುತ್ತದೆ. ಆ ನವಿರಿನ ನಡುವೆ ಸಿಕ್ಕ ಗಾಳಿಯೇ ಮೈಯ ಕಾವನ್ನು ಹಿಡಿದಿಡುತ್ತದೆ. ಗಿರಣಿಯ ಒಡೆಯನಾದ ಏರನ್ ಫ್ಯೂಯರ್‌ಸ್ಟೈನನು ಇದಕ್ಕೆ ಹಕ್ಕುಪತ್ರ ಪಡೆಯಲಿಲ್ಲವಾದ್ದರಿಂದ ಎಲ್ಲರೂ ಇದನ್ನು ತಯಾರಿಸತೊಡಗಿದರು, ಬೆಲೆ ಇಳಿಯಿತು. 1993ರಿಂದ ಬಳಸಿ ಬಿಟ್ಟ ಪ್ಲಾಸ್ಟಿಕ್ ಬಾಟಲಿಗಳಿಂದಲೂ ಈ ಬಟ್ಟೆಯನ್ನು ಮಾಡಹತ್ತಿದರು. 1995ರ ಡಿಸೆಂಬರದಲ್ಲಿ ಗಿರಣಿಗೆ ಬೆಂಕಿ ಬಿದ್ದಾಗ ಒಡೆಯನು ಕೆಲಸವಿಲ್ಲದ ತಿಂಗಳುಗಳಲ್ಲಿಯೂ ಕೂಲಿಕಾರರಿಗೆ ಪಗಾರ ಕೊಟ್ಟು ಕೀರ್ತಿ ಪಡೆದನು. ಆದರೆ 2001ರಲ್ಲಿ ಆ ಗಿರಣಿಯು ದಿವಾಳಿಯ ಅರ್ಜಿ ಹಾಕಬೇಕಾಯಿತು. ಅಗ್ಗದ ಪೈಪೋಟಿಯು ಲಾರೆನ್ಸಿನ ಗಿರಣಿಯನ್ನೂ ಬಿಡಲಿಲ್ಲ, ನಮ್ಮ ಕುಣಿಮಗ್ಗವನ್ನೂ ಬಿಡಲಿಲ್ಲ.

ಎರಡರ ಗುಣಾವಗುಣಗಳನ್ನು ಪಕ್ಷಪಾತವಿಲ್ಲದೆ ತೂಗಬೇಕು. ಫ್ಲೀಸ್ ಹಗುರ, ಮೈಗೆ ಚುಚ್ಚುವದಿಲ್ಲ, ಒಗೆದರೆ ಬೇಗ ಒಣಗುತ್ತದೆ, ನುಸಿ ತಿನ್ನುವದಿಲ್ಲ. ಬೆಳಿಗ್ಗೆ ಶಾಲೆಗೆ ಹೋಗುವ ಹುಡುಗನಿಗೆ, ಮೋಟಾರಸೈಕಲ್ಲಿನ ಮೇಲೆ ಕೆಲಸಕ್ಕೆ ಹೋಗುವವನಿಗೆ ಕಂಬಳಿ ಹೊದೆಯಿರೆಂದು ಹೇಳುವದು ನ್ಯಾಯವಲ್ಲ. ಆದರೆ ಫ್ಲೀಸ್ ಒಂದರೊಳಗಿಂದ ಗಾಳಿ ನುಗ್ಗುತ್ತದೆ. ವಾಹನದ ಮೇಲೆ ಹೋಗುವವರಿಗೆ ಅದರ ಹೊರಗೆ ಗಾಳಿ ತಡೆಯುವ ಇನ್ನೊಂದು ಪದರು ಬೇಕು. ಒಲೆ, ಹೊಡಸಲುಗಳ ಹತ್ತಿರ ಅದು ಅಪಾಯಕಾರಿ. ಪಾಲಿಯೆಸ್ಟರ್ 250-260 ಸೆಂಟಿಗ್ರೇಡಿನ ಸುಮಾರಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಒಗೆದ ಪ್ರತಿ ಸಲವೂ ಕಣ್ಣಿಗೆ ಕಾಣದ ಎಳೆಗಳು ಉದುರಿ ಹಳ್ಳ-ಹೊಳೆಗಳನ್ನು ಸೇರುತ್ತವೆ, ಅವು ಕೊಳೆಯುವದಿಲ್ಲ. ಕಂಬಳಿಯಾದರೋ ಹರಿದ ಮೇಲೆ ತಿಪ್ಪೆಯಲ್ಲಿ ಗೊಬ್ಬರವಾಗುತ್ತದೆ.

ಜಾಕೀಟನ್ನೇ ಕೊಳ್ಳುವದಾದರೆ ಹೀಗೆ ನೋಡಿಕೊಳ್ಳಿರಿ. ಬಟ್ಟೆಯ ತೂಕವನ್ನು ಚದರ ಮೀಟರಿಗೆ ಇಷ್ಟು ಗ್ರಾಮ್ ಎಂದು ಹೇಳುವದು ವಾಡಿಕೆ. ನೂರರದು ತೆಳುವು, ಇನ್ನೂರರದು ನಡುತರ, ಮುನ್ನೂರರದು ದಪ್ಪ. ನಮ್ಮ ಕಡೆಯ ಚಳಿಗೆ ಇನ್ನೂರರದು ಸಾಕಾಗುತ್ತದೆ. ಚೀಟಿ ಇಲ್ಲದಿದ್ದರೆ ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ಹೆಣಿಕೆಯ ಕಣ್ಣುಗಳು ಎದ್ದು ಕಾಣುತ್ತಿದ್ದರೆ ಅದು ಬರಿಯ ಉಬ್ಬು, ತಿರುಳಿಲ್ಲ. ಮುಷ್ಟಿಯಲ್ಲಿ ಒತ್ತಿ ಬಿಟ್ಟರೆ ನವಿರು ಮರಳಿ ಏಳಬೇಕು. ಬಟ್ಟೆಯನ್ನು ಬಟ್ಟೆಗೇ ಹತ್ತಿಪ್ಪತ್ತು ಸಲ ಬಲವಾಗಿ ತಿಕ್ಕಿ ನೋಡಿರಿ. ಆಗಲೇ ಸಣ್ಣ ಗುಂಡುಗಳು ಏಳುತ್ತಿದ್ದರೆ ಒಂದು ಚಳಿಗಾಲದೊಳಗೆ ಅದು ಹಳತಾಗಿ ಕಾಣುತ್ತದೆ. ಜಾಕೀಟು ಮೊದಲು ಕೆಡುವದು ಬಟ್ಟೆಯಲ್ಲಲ್ಲ, ಜಿಪ್ಪಿನಲ್ಲಿ. ಆದ್ದರಿಂದ ಜಿಪ್ಪನ್ನು ಐದಾರು ಸಲ ಏರಿಸಿ ಇಳಿಸಿರಿ, ಹಲ್ಲುಗಳು ದಪ್ಪನಾಗಿರಲಿ. ಕಂಕುಳು, ಹೆಗಲುಗಳ ಹೊಲಿಗೆ ಎರಡೆಳೆಯದಾಗಿರಲಿ. ತೋಳಿನ ತುದಿಯನ್ನು ಜಗ್ಗಿ ಬಿಟ್ಟರೆ ಮೊದಲಿನಂತಾಗಬೇಕು. ಮನೆಯಲ್ಲಿ ತಣ್ಣೀರಿನಲ್ಲಿ ತಿರುವುಹಾಕಿ ಒಗೆದು, ಇಸ್ತ್ರಿ ಮಾಡದೆ ಒಣಗಿಸಿದರೆ ಅದರ ಆಯುಷ್ಯ ಹೆಚ್ಚುತ್ತದೆ.

ಕಂಬಳಿಯ ಪರೀಕ್ಷೆ ಬೇರೆ. ಅಂಚಿನಿಂದ ಒಂದೆರಡು ಕೂದಲು ಕಿತ್ತು, ಕಡ್ಡಿ ಗೀರಿ ಸುಡಿರಿ. ಕೂದಲು ಸುಟ್ಟ ನಾತ ಬಂದು, ಉಳಿದ ಕರಿಯು ಬೆರಳಿಗೆ ಪುಡಿಯಾದರೆ ಅದು ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಕೃತಕ ನೂಲು. ಕಾಗದ ಸುಟ್ಟ ನಾತ ಬಂದರೆ ಹತ್ತಿಯ ಬೆರಕೆ. ಹೊಸ ಕಂಬಳಿಯ ಬಿರುಸನ್ನು ನೋಡಿ ಮೋಸಹೋಗಬಾರದು. ಅದು ಹುಣಸೆಬೀಜದ ಸರಿಯ ಬಿರುಸು, ನೇಯ್ಗೆಯದಲ್ಲ. ಬಿಸಿಲಿಗೆ ಹಿಡಿದು, ಎಳೆಗಳ ನಡುವೆ ಬೆಳಕು ಎಷ್ಟು ಸೋರುವದೆಂದು ನೋಡುವದೇ ನಿಜವಾದ ಪರೀಕ್ಷೆ. ಅಂಚು ನೆಟ್ಟಗಿರಬೇಕು. ಎರಡು ಪಟ್ಟಿಗಳನ್ನು ಕೂಡಿಸಿದ್ದರೆ ಆ ಹೊಲಿಗೆಯೂ ಉಣ್ಣೆಯ ನೂಲಿನದೇ ಆಗಿರಬೇಕು. ಬೇರೆ ನೂಲು ಉಣ್ಣೆಯನ್ನು ಕೊಯ್ಯುತ್ತದೆ. ಕಪ್ಪು ಬಣ್ಣವು ಕುರಿಯದೇ ಅಥವಾ ಬಣ್ಣ ಕಟ್ಟಿದ್ದೇ ಎಂಬುದನ್ನು ಒದ್ದೆ ಬಿಳಿ ಅರಿವೆಯಿಂದ ತಿಕ್ಕಿದರೆ ತಿಳಿಯುತ್ತದೆ. ತಂದ ಮೇಲೆ ತಣ್ಣೀರಿನಲ್ಲಿ ನೆನೆಯಿಟ್ಟು ಸರಿಯನ್ನು ಬಿಡಿಸಿ, ಹಿಂಡದೆ ನೆರಳಿನಲ್ಲಿ ಹರವಬೇಕು. ಬಿಸಿನೀರು ಕೂಡದು, ಉಣ್ಣೆ ಕುಗ್ಗಿ ಗಡುಸಾಗುತ್ತದೆ. ಬೇಸಗೆಯಲ್ಲಿ ಎತ್ತಿಡುವಾಗ ಬೇವಿನ ಒಣ ಎಲೆಗಳನ್ನು ಮಡಿಕೆಗಳಲ್ಲಿ ಹಾಕಿ, ನಡುನಡುವೆ ಬಿಸಿಲಿಗೆ ಒಮ್ಮೆ ಕೊಡವಿದರೆ ನುಸಿಯ ಕಾಟವಿಲ್ಲ.

ಬೆಲೆಯ ಪ್ರಶ್ನೆಗೆ ಉತ್ತರವು ಸುಲಭದ ಭಾಗಾಕಾರದಲ್ಲಿದೆ. ಒಂದು ಬಟ್ಟೆ 400 ರೂಪಾಯಿಗೆ ಬಂದು ಎರಡು ಚಳಿಗಾಲ ಬಾಳಿತೆಂದಿಟ್ಟುಕೊಳ್ಳೋಣ. ವರ್ಷಕ್ಕೆ 200 ಬಿದ್ದಿತು. ಇನ್ನೊಂದು 1,500ಕ್ಕೆ ಬಂದು ಹತ್ತು ವರ್ಷ ಬಾಳಿದರೆ ವರ್ಷಕ್ಕೆ 150. ಅಗ್ಗದ್ದು ಯಾವದು? ಈ ಲೆಕ್ಕವು ಕಂಬಳಿಗೂ ಸಲ್ಲುತ್ತದೆ, ಒಳ್ಳೆಯ ಜಾಕೀಟಿಗೂ ಸಲ್ಲುತ್ತದೆ. ನಮ್ಮ ಅಜ್ಜಂದಿರು ಇದನ್ನು ಕಾಗದದ ಮೇಲೆ ಮಾಡಲಿಲ್ಲ; ಆದರೆ ಮಗ ಹುಟ್ಟಿದ ವರ್ಷ ಕೊಂಡ ಕಂಬಳಿಯನ್ನು ಅವನು ಕುರಿ ಕಾಯುವ ವಯಸ್ಸಿಗೆ ಬಂದಾಗ ಅವನ ಹೆಗಲಿಗೆ ಹಾಕುತ್ತಿದ್ದರು.

ಹಾಗಾದರೆ ಕಂಬಳಿಗೆ ಇಂದಿನ ಮನೆಯಲ್ಲಿ ಸ್ಥಾನವೆಲ್ಲಿ? ನೆಲದ ಮೇಲೆ ಹಾಸಲು, ಹಾಸಿಗೆಯ ಕೆಳಗೆ ಥಂಡಿ ಏರದಂತೆ ಬಿಡಿಸಲು, ಒಳಗೊಂದು ಹತ್ತಿಯ ದುಪ್ಪಟಿ ಇಟ್ಟುಕೊಂಡು ಮೇಲೆ ಹೊದೆಯಲು ಇದಕ್ಕೆ ಸಮನಾದದ್ದು ಇನ್ನೂ ಬಂದಿಲ್ಲ. ದಖ್ಖನ ಉಣ್ಣೆಯಿಂದ ಚೀಲ, ಜಮಖಾನೆ, ತೋಳಿಲ್ಲದ ಜಾಕೀಟುಗಳನ್ನು ಮಾಡುವ ಪ್ರಯತ್ನಗಳೂ ಈಚೆಗೆ ನಡೆದಿವೆ. ಹತ್ತಿಯ ಅಸ್ತರು ಕೊಟ್ಟು ಹೊಲಿದರೆ ಚುಚ್ಚುವ ದೋಷ ತಪ್ಪುತ್ತದೆ. ಮರಿಯ ಮೊದಲ ಕತ್ತರಿಯ ಉಣ್ಣೆಯನ್ನು ಬೇರೆ ತೆಗೆದಿಟ್ಟು ನೂತರೆ ಇನ್ನೂ ಮೆತ್ತಗಿನ ಬಟ್ಟೆ ಬಂದೀತು. ಇದಕ್ಕೆ ಬೇಕಾದ ಕೈಗಳು ಈ ನಾಲ್ಕು ತಾಲೂಕುಗಳ ಹಟ್ಟಿಗಳಲ್ಲಿ ಇನ್ನೂ ಇವೆ. ಆದರೆ ರಾಟಿ ತಿರುವಬಲ್ಲ ಹೆಣ್ಣುಮಕ್ಕಳಿಗೆ ವಯಸ್ಸಾಗಿದೆ. ನೂಲು ನಿಂತರೆ ಮಗ್ಗ ನಿಲ್ಲುತ್ತದೆ. ಮಗ್ಗ ನಿಂತರೆ ಕರಿಯ ಕುರಿಯನ್ನು ಹಿಂಡಿನಲ್ಲಿ ಇಟ್ಟುಕೊಳ್ಳಲು ಕುರಿಗಾರನಿಗೆ ಕಾರಣವೇ ಉಳಿಯುವದಿಲ್ಲ. ಬರವನ್ನು ತಾಳಿದ ಒಂದು ತಳಿಯು ನಮ್ಮ ಕಣ್ಣೆದುರಿಗೇ ಬೆರಕೆಯಾಗಿ ಹೋಗುತ್ತದೆ.

ಆದ್ದರಿಂದ ಈ ಸಲ ಸಂತೆಗೆ ಹೋದಾಗ, ಮಕ್ಕಳಿಗೆ ಜಾಕೀಟನ್ನು ತಿಕ್ಕಿ ನೋಡಿ, ಜಿಪ್ಪು ಎಳೆದು ನೋಡಿ ಕೊಳ್ಳಿರಿ. ಅದರ ಜೊತೆಗೆ, ಸಂತೆಯಲ್ಲಿ ಎಲ್ಲಿಯಾದರೂ ನಾಲ್ಕು ಕಂಬಳಿ ಮಡಿಚಿಟ್ಟುಕೊಂಡು ಕುಳಿತ ಮುದುಕನಿದ್ದಾನೆಯೇ ಎಂದು ಕೇಳಿರಿ. ಇದ್ದರೆ ಒಂದನ್ನು ಬಿಚ್ಚಿಸಿ, ಬಿಸಿಲಿಗೆ ಹಿಡಿದು, ಕೂದಲು ಸುಟ್ಟು ಪರೀಕ್ಷಿಸಿರಿ, ಅವನು ಬೇಸರಿಸುವದಿಲ್ಲ. ಮಾಲನ್ನು ಅರಿತು ಕೊಳ್ಳುವ ಗಿರಾಕಿಯನ್ನು ಕಂಡು ಬಹಳ ದಿನಗಳಾಗಿರುವದರಿಂದ ಅವನಿಗೆ ಸಂತೋಷವೇ ಆದೀತು. ಇದನ್ನು ನೂತವರು ಯಾರು, ಯಾವ ಊರಿನ ಕುರಿಯ ಉಣ್ಣೆ ಎಂದೂ ವಿಚಾರಿಸಿರಿ. ಗಿರಣಿಯ ಬಟ್ಟೆಗೆ ಕೇಳಲಾಗದ ಈ ಪ್ರಶ್ನೆಗೆ ಅವನ ಬಳಿ ಉತ್ತರವಿರುತ್ತದೆ.